ಕುಂಕುಮ ಹತ್ತಿದ ಪ್ರೊಸೆಸರ್: ಕಗ್ಗದಾಸಪುರದಿಂದ ಶಿವಾಜಿನಗರಕ್ಕೆ

ಕಗ್ಗದಾಸಪುರದ ರೈಲ್ವೆ ಗೇಟು ನಾವು ಹೊರಟ ದಿನವೂ ಹಾಕಿಯೇ ಇತ್ತು. ಆಟೋದಲ್ಲಿ ನಾನು, ನನ್ನ ಮೈದುನ ರವಿ, ನಮ್ಮಿಬ್ಬರ ನಡುವೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕಂಪ್ಯೂಟರ್ ಡಬ್ಬ. ಎರಡು ಸಾವಿರದ ಆರರ ಅಕ್ಟೋಬರ್. ದಸರಾ ಮುಗಿದು ಎರಡು ವಾರವಾಗಿತ್ತು. ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಗೂಡ್ಸ್ ರೈಲು ತನ್ನ ಪಾಡಿಗೆ ತಾನು ಮೆಲ್ಲಗೆ ಹೋಗುತ್ತಿದ್ದಾಗ ಆಟೋದವನು ಹಿಂತಿರುಗಿ, "ಏನ್ ಮೇಡಂ, ಟಿವಿ ರಿಪೇರಿನಾ?" ಎಂದ.

"ಪೇಷಂಟು ಅಣ್ಣ, ಜ್ವರ ಬಂದೈತೆ" ಎಂದ ರವಿ. ತಮಾಷೆಯಾದರೂ ಸುಳ್ಳಲ್ಲ. ಆನ್ ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಆ ಡಬ್ಬ ಕಾದು, ತಾನಾಗಿ ಆರಿಹೋಗುತ್ತಿತ್ತು. ಪ್ರೊಸೆಸರ್ ಹೋಗಿದೆ, ಹೊಸದು ಹಾಕಿಸಬೇಕು ಎಂದು ರವಿ ತೀರ್ಪು ಕೊಟ್ಟಿದ್ದ. ಹಾಗೆ ಹೇಳುವಾಗ ಅವನ ಮುಖದಲ್ಲಿ ದುಃಖಕ್ಕಿಂತ ಖುಷಿಯೇ ಜಾಸ್ತಿ ಇತ್ತು.

ಡಬ್ಬ ನಮ್ಮಿಬ್ಬರದೂ. ಕೊರಿಯರ್ ಆಫೀಸಿನಿಂದ ಬಂದ ರವಿಗೆ ಸಂಜೆ ಕಾರ್ ರೇಸ್ ಆಡಲು ಅದು ಬೇಕು. ಮಧ್ಯಾಹ್ನ ಪಾತ್ರೆ ತೊಳೆದು ಕೂತ ನನಗೆ ಚಿತ್ರ ಬರೆಯಲು ಅದೇ ಬೇಕು. ಮೌಸ್ ಹಿಡಿದು ಬಣ್ಣ ಬಳಿಯುವ ಹುಚ್ಚು ನನ್ನದು, ಯಾರೂ ಬರೆಯೆಂದು ಕೇಳಿದ್ದಲ್ಲ. ಆ ವರ್ಷ ನಾನು ಬರೆಯುತ್ತಿದ್ದದ್ದು ನಮ್ಮತ್ತೆಯ ಹೊಲವನ್ನು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಇದೆ. ಹೊಲದ್ದು ಒಂದು ಫೋಟೋ ಸಹ ಉಳಿದಿಲ್ಲ. ಅತ್ತೆ ಹೇಳಿದಂತೆ ರಾಗಿ ಪೈರು, ಹುಣಸೆ ಮರ, ಪಂಪ್‌ಸೆಟ್ ಶೆಡ್ಡು, ಕಲ್ಲು ಕಟ್ಟಿದ ಬಾವಿ, ಒಂದೊಂದನ್ನೂ ಬೇರೆ ಬೇರೆ ಲೇಯರಿನಲ್ಲಿ ಬರೆಯುತ್ತಿದ್ದೆ. ಗಾಜಿನ ಮೇಲೆ ಗಾಜು ಇಟ್ಟ ಹಾಗೆ. ಅತ್ತೆಯ ಕಣ್ಣಿನ ನರ ಒಣಗುತ್ತಿತ್ತು. ಹೋದ ನೋಟ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವರಿಗೆ ಇನ್ನೂ ಕಾಣುತ್ತಿರುವಾಗಲೇ ಚಿತ್ರ ಮುಗಿಯಬೇಕಿತ್ತು. ಆ ಭಯ ಅನ್ನ ಕಲಸುವಾಗಲೂ ನನ್ನನ್ನು ಬಿಡುತ್ತಿರಲಿಲ್ಲ.

ಇಂದಿರಾನಗರದ ನೂರಡಿ ರಸ್ತೆಯ ಒಂದು ಎಸಿ ಶೋರೂಮಿನ ಮುಂದೆ ಆಟೋ ನಿಲ್ಲಿಸಿದೆವು. ಒಳಗೆ ಟೈ ಕಟ್ಟಿದ ಹುಡುಗ ನಮ್ಮ ಬೆಡ್‌ಶೀಟ್ ಗಂಟನ್ನು ನೋಡಿ, "ಪ್ರೊಸೆಸರ್ ಒಂದೇ ಕೊಡಲ್ಲ ಮ್ಯಾಮ್, ಹೊಸ ಸಿಸ್ಟಮ್ಮೇ ತಗೊಳ್ಳಿ" ಎಂದ. ನಮ್ಮ ಮುಖಕ್ಕೆ ತಂಪು ಗಾಳಿ ಬಡಿದದ್ದಷ್ಟೇ ಲಾಭ. ಆಟೋದವನು ಅದಕ್ಕೂ ವೇಟಿಂಗ್ ಸೇರಿಸಿ, ಜೋಗುಪಾಳ್ಯದಲ್ಲಿ ಇಳಿಸುವಾಗ ಮೀಟರಿನ ಮೇಲೆ ಹತ್ತು ರೂಪಾಯಿ ಕಿತ್ತುಕೊಂಡ.

ಜೋಗುಪಾಳ್ಯದಲ್ಲಿ ರವಿಯ ಸ್ನೇಹಿತ ಸೆಲ್ವನ ಮನೆ. ಎರಡು ಆಳು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದ ಓಣಿ. ಅವನ ತಾಯಿ "ವಾಂಗ, ವಾಂಗ" ಎಂದು ಕರೆದು ಚಿತ್ರಾನ್ನ ಕೊಟ್ಟರು. ಸೆಲ್ವನ ಹತ್ತಿರ ರವಿ ಕನಸು ಕಾಣುತ್ತಿದ್ದ ಪ್ರೊಸೆಸರ್ ಇತ್ತು: ಒಂದೇ ಕೋರ್, ಆದರೆ ಭಾರೀ ವೇಗದ್ದು. ರವಿ ಕೂತು ರೇಸ್ ಓಡಿಸಿದ. "ಅಯ್ಯೋ, ಬೆಣ್ಣೆ ಮಗಾ ಬೆಣ್ಣೆ!" ಎಂದು ಕೂಗಿಕೊಂಡ.

ನಾನು ತಂದಿದ್ದ ಸಿಡಿಯನ್ನು ಅದಕ್ಕೇ ಹಾಕಿ ಹೊಲದ ಚಿತ್ರ ತೆರೆದೆ. ಬಾವಿಯನ್ನು ಒಂಚೂರು ಪಕ್ಕಕ್ಕೆ ಎಳೆದೆ. ಅದೇ ಹೊತ್ತಿಗೆ ಹಿಂಬದಿಯಲ್ಲಿ ವೈರಸ್ ಹುಡುಕುವ ಪ್ರೋಗ್ರಾಮೂ ಓಡುತ್ತಿತ್ತು. ಪರದೆ ಗರ ಬಡಿದಂತೆ ನಿಂತುಬಿಟ್ಟಿತು. ನಾನು ಚಿತ್ರಾನ್ನ ತಿಂದು ಮುಗಿಸಿದೆ, ಬಾವಿ ಇನ್ನೂ ಕದಲಿರಲಿಲ್ಲ.

"ಇದು ಒಂಟಿ ಎತ್ತು ಅಕ್ಕ, ಒಂದು ಕೆಲಸ ಅಂದ್ರೆ ಓಡತ್ತೆ" ಎಂದ ಸೆಲ್ವ. "ಈಗ ಎರಡು ಕೋರಿಂದು ಬಂದೈತೆ, ಜೋಡೆತ್ತು ಇದ್ದಂಗೆ. ನಿಮ್ ಬೋರ್ಡಿಗೂ ಕೂರತ್ತೆ. ಚಿತ್ರಕ್ಕೆ ಅದೇ ಸರಿ. ಆದ್ರೆ ಒಂದೊಂದು ಕೋರಿನ ಸ್ಪೀಡು ಕಮ್ಮಿ."

"ಆಟ ಉಪಯೋಗಿಸೋದು ಒಂದೇ ಕೋರು ಅತ್ತಿಗೆ. ಎರಡನೇದಿಟ್ಕೊಂಡು ನಾನೇನ್ ಮಾಡ್ಲಿ?" ಎಂದ ರವಿ.

"ಆ ಮನೇಲಿ ನಾನೂ ಇದೀನಿ ಕಣಪ್ಪಾ!" ನನ್ನ ದನಿ ಬೇಕಾದ್ದಕ್ಕಿಂತ ಜೋರಾಯಿತು. ಸೆಲ್ವನ ತಾಯಿ ಅಡುಗೆಮನೆಯಿಂದ ಇಣುಕಿ ನೋಡಿದರು.

ಹಲಸೂರಿನಲ್ಲಿ ಬಸ್ ಹತ್ತಿದಾಗ ರವಿ ಒಂದು ಕಿಟಕಿ, ನಾನು ಇನ್ನೊಂದು ಕಿಟಕಿ ಹಿಡಿದು ಕೂತೆವು. ಡಬ್ಬಕ್ಕೂ ಲಗೇಜ್ ಟಿಕೆಟ್ ಹರಿದ ಕಂಡಕ್ಟರ್ ಒಬ್ಬನೇ ಖುಷಿಯಾಗಿದ್ದ. ಕೆರೆಯ ಕಡೆಯಿಂದ ಒಳ್ಳೆಯ ಗಾಳಿ ಬಂತು. ದುಡಿದು ಬಂದವನು ಒಂದು ಗಂಟೆ ಆಡಲು ಆಸೆಪಟ್ಟರೆ ತಪ್ಪೇನು ಎಂದುಕೊಂಡೆ. ನನ್ನದೇನು ಕಡಿಮೆ ಆಸೆಯೇ ಎಂದೂ ಅನ್ನಿಸಿತು. ಎರಡೂ ನಿಜವಾದ್ದರಿಂದ ಬಸ್ಸು ಶಿವಾಜಿನಗರ ಮುಟ್ಟಿದರೂ ಯೋಚನೆ ಒಂದು ದಡ ಸೇರಲಿಲ್ಲ.

ಅದು ರಂಜಾನ್ ತಿಂಗಳು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಖರ್ಜೂರದ ರಾಶಿ, ಸಮೋಸದ ಬಾಣಲೆ. ಕಂಪ್ಯೂಟರ್ ಸಾಮಾನಿಗೆ ಎಲ್ಲರೂ ಪೇಟೆಯ ಕಡೆ ಹೋಗುತ್ತಾರೆ. ಸೆಲ್ವ ಕಳಿಸಿದ್ದು ಇಲ್ಲಿ, ಮೊದಲ ಮಹಡಿಯ ಪುಟ್ಟ ಅಂಗಡಿಗೆ. ಅಂಗಡಿಯ ಭಾಯ್ ನಮಗೆ ಚಹಾ ತರಿಸಿ, ತಾನು ಮುಟ್ಟದೆ, "ನಮ್ದು ರೋಜಾ ಇದೆ, ನೀವು ಕುಡೀರಿ" ಎಂದ. ಆಮೇಲೆ ಡಬ್ಬದ ಪಕ್ಕದ ತಗಡು ಬಿಚ್ಚಿದ.

"ಯಾ ಅಲ್ಲಾ! ಮೇಡಂ, ಒಳಗೆ ಖೂನ್ ಆಗಿದೆಯಾ?"

ಒಳಗೆಲ್ಲ ಕೆಂಪು. ಪ್ರೊಸೆಸರಿನ ಮೇಲಿನ ಫ್ಯಾನು ಕೆಂಪು ಮೆತ್ತಿಕೊಂಡು ನಿಂತುಹೋಗಿತ್ತು. ರೆಕ್ಕೆಯ ಸಂದಿಯಲ್ಲಿ ಅರಿಸಿನ ಹಚ್ಚಿದ ಅಕ್ಕಿಕಾಳು ಸಿಕ್ಕಿಕೊಂಡಿತ್ತು. ನಾನು ಬೆರಳಿಟ್ಟು ಮೂಸಿದೆ. ನಮ್ಮನೆಯ ದೇವರ ಗೂಡಿನ ಕುಂಕುಮ.

ರವಿ ತಲೆ ಮೇಲೆ ಕೈ ಹೊತ್ತ. "ಆಯುಧ ಪೂಜೆ ದಿನ ಅಮ್ಮ ಕೇಳಿದ್ರು ಅತ್ತಿಗೆ, ಒಳಗೆ ಕೆಲಸ ಮಾಡೋನು ಎಲ್ಲವ್ನೆ ಅಂತ. ಈ ತೂತುಗಳ ಹಿಂದೆ ಅಂತ ನಾನೇ ತೋರಿಸ್ದೆ. ಪಂಪ್‌ಸೆಟ್ಟಿಗೂ ಹಂಗೇ ಅಲ್ವಾ, ಮೋಟಾರಿಗೇ ಕುಂಕುಮ ಇಡ್ತಿದ್ದದ್ದು, ಶೆಡ್ಡಿನ ಬಾಗಿಲಿಗಲ್ಲ ಅಂದ್ರು. ಒಂದು ಚಿಟಿಕೆ ಹಾಕ್ತಾರೆ ಅನ್ಕೊಂಡೆ."

ಕಣ್ಣು ಸರಿಯಾಗಿ ಕಾಣದ ಅತ್ತೆ ತೂತು ತೂತಿಗೂ ಕೈಯಾಡಿಸಿ ತುಂಬಿದ್ದರು. ಮೊದಲು ನಗು ಬಂತು, ಆಮೇಲೆ ಆ ಅಕ್ಕಿಕಾಳನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡೆ. ಭಾಯ್ ಎಲ್ಲ ಒರೆಸಿ ಬೇರೆ ಫ್ಯಾನು ಹಾಕಿ ನೋಡಿದ. ಯಂತ್ರ ಎದ್ದು ಮತ್ತೆ ಮಲಗಿತು. "ಬಹಳ ದಿನ ಬೆಂದಿದೆ, ಇನ್ನು ಆಗಲ್ಲ" ಎಂದು ಎರಡು ಪ್ರೊಸೆಸರುಗಳನ್ನು ಕೌಂಟರಿನ ಗಾಜಿನ ಮೇಲಿಟ್ಟ. ಎರಡೂ ಬಿಸ್ಕತ್ತಿನಷ್ಟೇ ದೊಡ್ಡವು. "ಇದು ಆಟಕ್ಕೆ. ಇದು ಎರಡು ಕೋರು. ಯಾವ್ದು?"

ನಾನು ಬಾಯಿ ತೆರೆಯುವ ಮೊದಲೇ ರವಿ, "ಎರಡು ಕೋರಿಂದೇ ಹಾಕಿ ಭಾಯ್" ಎಂದ.

"ನಿನ್ನ ಆಟ?"

"ನನ್ ಕಾರು ಸ್ವಲ್ಪ ನಿಧಾನಕ್ಕೆ ಹೋಗತ್ತೆ ಬಿಡಿ. ಅಮ್ಮನ ಕಣ್ಣು ಕಾಯಲ್ವಲ್ಲ." ಅವನನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು. ಅದರ ಬದಲು, "ಚಹಾ ಆರ್ತಿದೆ, ಕುಡಿ" ಎಂದೆ.

ಕೆಲಸ ಮುಗಿಯುವಾಗ ಮಸೀದಿಯ ಸೈರನ್ ಕೂಗಿತು. ಭಾಯ್ ಖರ್ಜೂರ ಬಾಯಿಗಿಟ್ಟುಕೊಂಡು ನಮಗೂ ಸಮೋಸ ಕೊಟ್ಟ. ತೂತುಗಳಿಗೆ ಒಳಗಿನಿಂದ ಜಾಲರಿ ಹಾಕಿದ್ದ. "ಮುಂದಿನ ವರ್ಷ ಪೂಜೆ ಹೊರಗಿಂದಾನೇ ಮಾಡ್ರಿ" ಎಂದು ನಕ್ಕ. ಮನೆಗೆ ವಾಪಸಾಗುವಾಗ ಹಲಸೂರು ದಾಟಿದ ಮೇಲೆ ಮಳೆ ಹಿಡಿಯಿತು. ಆಟೋದಲ್ಲಿ ನಾವಿಬ್ಬರೂ ನೆನೆದು ಡಬ್ಬವನ್ನು ಒಣಗಿಟ್ಟೆವು. ಗೇಟು ಆಗಲೂ ಹಾಕಿತ್ತು.

"ಏನಂದ್ರೋ?" ಎಂದು ಅತ್ತೆ ಬಾಗಿಲಲ್ಲೇ ಕೇಳಿದರು.

"ಅದಕ್ಕೆ ವಯಸ್ಸಾಗಿತ್ತಂತಮ್ಮ" ಎಂದ ರವಿ. ಹೊಸದು ಬಂದಿದೆ ಎಂದು ತಿಳಿದದ್ದೇ ಅತ್ತೆ ಕುಂಕುಮದ ಬಟ್ಟಲು ತಂದರು. ನಾನು ಅವರ ಕೈ ಹಿಡಿದು ಪ್ರೊಸೆಸರಿನ ಖಾಲಿ ರಟ್ಟಿನ ಪೆಟ್ಟಿಗೆಗೆ ಇಡಿಸಿದೆ.

ಆಮೇಲೆ ಚಿತ್ರ ತೆರೆದೆ. ಅತ್ತೆ ಮೂಗು ಪರದೆಗೆ ತಾಗುವಷ್ಟು ಬಗ್ಗಿದರು. ಕಾಣುತ್ತಿದೆಯೋ ಇಲ್ಲವೋ ಎಂದು ನಾನು ಪರದೆಯ ಬೆಳಕು ಏರಿಸಿದೆ.

"ಬಾವಿ ಆಕಡೆ ಅಲ್ಲ ಕಣಮ್ಮ" ಎಂದರು. "ಹುಣಸೆ ಮರದ ಈಕಡೆ."

ನಾನು ಬಾವಿಯನ್ನು ಹಿಡಿದು ಎಳೆದೆ. ಅದು ಕೈಯ ಜೊತೆಗೇ ಬಂತು, ರಾಗಿ ಪೈರಿನ ಮೇಲೆ ಜಾರಿ, ಮರವನ್ನು ದಾಟಿ.

"ಇನ್ನೂ ಈಕಡೆ. ಇನ್ನೂ... ಹಾಂ, ನಿಲ್ಸು. ಅಲ್ಲೇ."

ಬೆರಳಿನಲ್ಲಿ ಉಳಿದಿದ್ದ ಕುಂಕುಮವನ್ನು ಅತ್ತೆ ಪರದೆಯ ಗಾಜಿಗೆ, ಬಾವಿಯ ಕಟ್ಟೆಯ ಮೇಲೆ ಸರಿಯಾಗಿ ಇಟ್ಟರು. ಊಟವಾದ ಮೇಲೆ ರವಿ ರೇಸ್ ಆಡಲು ಕೂತ. ಆ ಚುಕ್ಕೆ ರಸ್ತೆಯ ನಟ್ಟನಡುವೆ ಬರುತ್ತಿತ್ತು. ಅವನು ಅದನ್ನು ಒರೆಸಲಿಲ್ಲ.