ಕಿವಿ ಮೇಸ್ತ್ರಿಯ ಸದ್ದಿಲ್ಲದ ಕಾರು

ಬಸ್ ಡಿಪೋದಲ್ಲಿ ಅವರಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು. ಮೂವತ್ತೊಂದು ವರ್ಷ ಡೀಸೆಲ್ ಇಂಜಿನ್ನುಗಳ ನಡುವೆ ಬದುಕಿದವರು. ಬೆಳಿಗ್ಗೆ ಬಸ್ಸು ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ತಲೆ ವಾರೆ ಮಾಡಿ ಅರ್ಧ ನಿಮಿಷ ನಿಂತರೆಂದರೆ ಆ ಬಸ್ಸಿನ ಜಾತಕವನ್ನೇ ಹೇಳಿಬಿಡುತ್ತಿದ್ದರು: ಬೇರಿಂಗು ಸವೆದಿದೆ, ಬೆಲ್ಟು ಸಡಿಲ, ಮೂರನೇ ಸಿಲಿಂಡರು ಕಳ್ಳಾಟ ಆಡುತ್ತಿದೆ. ಅವರು ‘ಹೋಗ್ಲಿ’ ಅಂದರೆ ಮಾತ್ರ ಬಸ್ಸು ಗೇಟು ದಾಟುವುದು. ಪರೀಕ್ಷೆಗೆಂದು ತರಿಸಿದ ಯಂತ್ರವೂ ಒಂದಿತ್ತು. ಮೇಸ್ತ್ರಿ ಇರುವಾಗ ಅದನ್ನು ಪೆಟ್ಟಿಗೆಯಿಂದ ತೆಗೆಯುವ ತಾಪತ್ರಯ ಯಾರಿಗೂ ಬೇಕಿರಲಿಲ್ಲ.

ಇಂಥವರು ಹೋಗಿ ಹೋಗಿ ಹೈಬ್ರಿಡ್ ಕಾರು ತಂದರು. ಕಾರಣ ಅತ್ತೆ. ಎಪ್ಪತ್ತೊಂಬತ್ತರ ಆ ಮುದುಕಿಗೆ ಮಂಡಿನೋವು. ಹಳೆಯ ಸಣ್ಣ ಕಾರಿನಲ್ಲಿ ಕೂರುವುದೆಂದರೆ ಬಾವಿಗೆ ಇಳಿದ ಹಾಗಾಗುತ್ತಿತ್ತು. ಎತ್ತರದ ಕಾರೇ ಬೇಕೆಂದು ಹೆಂಡತಿ, ಹೊಗೆ ಕಡಿಮೆ ಬಿಡುವುದೇ ಬೇಕೆಂದು ಕಾಲೇಜಿನ ಮಗಳು ಹಟ ಹಿಡಿದರು. ಪೆಟ್ರೋಲ್ ಇಂಜಿನ್ನು ಒಂದು, ವಿದ್ಯುತ್ ಮೋಟಾರು ಒಂದು. ಯಾವಾಗ ಯಾರು ದುಡಿಯಬೇಕು ಎಂಬುದನ್ನು ಕಾರೇ ತೀರ್ಮಾನಿಸುತ್ತದೆ, ಯಜಮಾನನನ್ನು ಒಂದು ಮಾತೂ ಕೇಳುವುದಿಲ್ಲ.

ಕಾರು ಬಂದ ದಿನದಿಂದ ಮೇಸ್ತ್ರಿಗೆ ಕುಂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಬಾನೆಟ್ ಎತ್ತುವರು, ಇಳಿಸುವರು. ಕೆಲಸವಿಲ್ಲದಿದ್ದರೂ ಬೀದಿಯನ್ನು ಮೂರು ಸುತ್ತು ಹಾಕಿ ಬರುವರು. ಹಳೆಯ ಕಾರಿನ ಅರ್ಧದಷ್ಟು ಪೆಟ್ರೋಲೂ ಇದಕ್ಕೆ ಬೇಡ. ಬೇರೆ ಯಾರಾದರೂ ಆಗಿದ್ದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

“ಕಾರು ತಂದ್ರೋ, ಹಸುಗೂಸು ತಂದ್ರೋ? ಎಷ್ಟು ಸಲ ಎದ್ದು ನೋಡ್ತೀರಿ!” ಹೆಂಡತಿ ರೇಗಿದರು.

“ಇಂಜಿನ್ನು ಶುರು ಆಗ್ತಾನೇ ಇಲ್ಲ ಕಣೇ. ಬರೀ ಬ್ಯಾಟರಿ ಮೇಲೇ ಓಡ್ತಿದೆ. ಒಂದಿನ ನಡುರಸ್ತೇಲಿ ಕೈ ಕೊಡುತ್ತೆ.”

ಗಾಡಿ ಓಡಿಸುವಾಗಲಂತೂ ರೇಡಿಯೋ ಬಂದ್, ಮಾತು ಬಂದ್. ಎಲ್ಲರೂ ಉಸಿರು ಬಿಗಿಹಿಡಿದು ಕೂರಬೇಕು. ಒಂದು ಏರಿನಲ್ಲಿ, ಮುಂದಿನ ಸೀಟಿನಲ್ಲಿದ್ದ ಮಗಳು ತಡೆಯಲಾರದೆ ಹೇಳಿದಳು. “ಅಪ್ಪ, ಈಗ ಇಂಜಿನ್ ಓಡ್ತಿದೆ. ಸ್ಕ್ರೀನ್ ನೋಡು, ಇಂಜಿನ್ನಿಂದ ಚಕ್ರಕ್ಕೆ ಬಾಣ ಬಂತು.”

“ಸ್ಕ್ರೀನ್ ಸುಳ್ಳು ಹೇಳುತ್ತೆ. ನನ್ನ ಕಿವಿ ಹೇಳಲ್ಲ.”

ಮಗಳು ಮತ್ತೇನೋ ಹೇಳಲು ಬಾಯಿ ತೆರೆದಳು. ಹಿಂದಿನಿಂದ ಅಮ್ಮ ಅವಳ ಭುಜ ಜಿಗುಟಿದರು. ಆಮೇಲೆ ತಮ್ಮಷ್ಟಕ್ಕೆ ಗೊಣಗಿಕೊಂಡರು, “ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ.” ಸ್ಟೇರಿಂಗ್ ಹಿಡಿದ ಮೇಸ್ತ್ರಿ ತಿರುಗಿಯೂ ನೋಡಲಿಲ್ಲ.

ನಿಜ ಹೇಳಬೇಕೆಂದರೆ ಮೇಸ್ತ್ರಿಗೆ ಭಯವಾಗಿತ್ತು. ಒಂದೋ ಹೊಸ ಕಾರು ಕೆಟ್ಟಿರಬೇಕು, ಇಲ್ಲವೇ ತಮ್ಮ ಕಿವಿ. ಕಾರು ಕೆಟ್ಟರೆ ರಿಪೇರಿಯಾಗುತ್ತದೆ. ಕಿವಿ ಹೋದರೆ ಕಿವಿ ಮೇಸ್ತ್ರಿ ಅನ್ನುವ ಮನುಷ್ಯನೇ ಉಳಿಯುವುದಿಲ್ಲ. ಹಾಗಾಗಿ ಕಾರೇ ಕೆಟ್ಟಿದೆ ಎಂದು ಪಟ್ಟು ಹಿಡಿದರು; ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಶನಿವಾರ ಮಧ್ಯಾಹ್ನ ಸರ್ವೀಸ್ ಸೆಂಟರಿಗೆ ಹೋದರು. ಹೆಂಡತಿ ಜೊತೆಗಿದ್ದರು. ಕಾರು ಹೊರಟರೆ ಸಾಕು ಹತ್ತಿ ಕೂರುವ ಅತ್ತೆಯೂ ಇದ್ದರು. ಊಟದ ಹೊತ್ತು, ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ. ಅಲ್ಲಿನ ಇಂಜಿನಿಯರ್ ಹೆಣ್ಣುಮಗಳು ದೂರನ್ನೆಲ್ಲ ಕೇಳಿಸಿಕೊಂಡು, ಏನೋ ಗುಂಡಿ ಒತ್ತಿ, ಬಾನೆಟ್ ಎತ್ತಿ ಪಕ್ಕಕ್ಕೆ ನಿಂತಳು.

“ಈಗ ಓಡ್ತಾ ಇದೆ ಸರ್.”

“ಎಲ್ಲಿ ಓಡ್ತಿದೆಯಮ್ಮ? ಇಂಜಿನ್ನಿನ ವಿಷಯ ನನಗೇ ಹೇಳ್ತೀಯಾ?”

ಕಿಟಕಿಯಿಂದ ಅತ್ತೆ ತಲೆ ಹೊರಗೆ ಹಾಕಿದರು. “ಓಡ್ತಾ ಇದೆಯಲ್ಲಾ ಅಳಿಯಂದಿರೇ! ಗುರ್ ಅಂತಿದೆ, ನನ್ನ ಹೊಲಿಗೆ ಮಿಷನ್ ಥರ.”

ಮನೆಯಲ್ಲಿ ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಳ್ಳುವ ಅತ್ತೆಗೂ ಕೇಳಿಸುತ್ತಿದೆ! ಮೇಸ್ತ್ರಿ ಬಗ್ಗಿ, ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟರು. ಅದು ಒಂದೇ ಸಮನೆ ಅದುರುತ್ತಿತ್ತು. ಅಂಗೈಗೆ ಗೊತ್ತಾಯಿತು, ಕಿವಿಗೆ ಮಾತ್ರ ಏನೇನೂ ಇಲ್ಲ.

“ಈ ಗಾಡಿ ತುಂಬಾ ಮೆಲ್ಲಗೆ ಓಡುತ್ತೆ ಸರ್, ಎಷ್ಟೋ ಜನಕ್ಕೆ ಗೊತ್ತಾಗಲ್ಲ,” ಎಂದಳು ಆ ಹುಡುಗಿ. ಮರ್ಯಾದೆ ಉಳಿಸುವ ಸುಳ್ಳು. ಮೇಸ್ತ್ರಿ ಅದನ್ನೇ ಹಿಡಿದುಕೊಂಡು ಹೊರಟುಬಂದರು.

ಅರ್ಧ ದಾರಿಯಲ್ಲಿ ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದರು.

“ನಿನಗೆ ಯಾವಾಗಿಂದ ಗೊತ್ತು?”

ಹೆಂಡತಿ ಸೆರಗು ಸರಿಮಾಡಿಕೊಂಡರು. ಆಮೇಲೆ ಗಂಡನ ಕಡೆ ತಿರುಗಿ, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು. “ಒಂದು ವರ್ಷ ಆಯ್ತು. ಎಷ್ಟು ಸಲ ಡಾಕ್ಟರ ಹತ್ರ ಹೋಗೋಣ ಅಂದೆ. ನೀನೇ ಬಾಯೊಳಗೆ ಮಾತಾಡ್ತೀಯ ಅಂತ ನನ್ನನ್ನೇ ಬೈದ್ರಿ.”

ಒಂದು ವರ್ಷ! ಆಗ ಮೇಸ್ತ್ರಿಗೆ ಬೇರೆಯದೇ ನೆನಪಾಯಿತು. ಈ ವರ್ಷ ಡಿಪೋದ ಬಸ್ಸುಗಳೆಲ್ಲ ಬಂಗಾರದಂತೆ ಓಡುತ್ತಿವೆ ಎಂದು ಅವರೇ ಬೀಗಿದ್ದರು. ಕಿರುಗುಟ್ಟುವ ಬೆಲ್ಟಿಲ್ಲ, ಕೊರಗುವ ಬೇರಿಂಗಿಲ್ಲ. ತಿಂಗಳುಗಟ್ಟಲೆ ಒಂದು ಬಸ್ಸನ್ನೂ ತಡೆದಿರಲಿಲ್ಲ. ಒಂದೊಂದರಲ್ಲೂ ಐವತ್ತು ಜನ. ಭಾನುವಾರವಿಡೀ ಅವರು ಮನೆಯೊಳಗೆ ಶತಪಥ ಹಾಕಿದರು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸು ಚಾಲೂ ಆಯಿತು. ಮೇಸ್ತ್ರಿ ಕಣ್ಣು ಮುಚ್ಚಿ ನಿಂತರು. ಇಂಜಿನ್ನು ಮಧುರವಾಗಿ ಕೇಳಿಸಿತು. ಆ ಮಾಧುರ್ಯವೇ ಅವರನ್ನು ಹೆದರಿಸಿತು. ‘ಹೋಗ್ಲಿ’ ಎಂಬ ಮಾತಿಗೆ ಚಾಲಕ ಕಾದ, ಕಂಡಕ್ಟರ್ ಕಾದ, ವಾಚು ನೋಡುತ್ತ ಮ್ಯಾನೇಜರ್ ಹತ್ತಿರ ಬಂದರು.

“ಸಾರ್, ಈ ಬಸ್ಸು ನಿಲ್ಲಿಸಿ. ಈ ವರ್ಷ ನಾನು ಬಿಟ್ಟಿರೋ ಬಸ್ಸುಗಳನ್ನೆಲ್ಲ ನಿಲ್ಲಿಸಿ, ಆ ಯಂತ್ರ ತೆಗೆಸಿ ಒಂದೊಂದಾಗಿ ನೋಡಿಸಿ. ನನ್ನ ಕಿವಿ ಹೋಗಿದೆ.”

ತಮ್ಮ ದನಿ ಎಷ್ಟು ಎತ್ತರಕ್ಕೆ ಹೋಯಿತೋ ಅವರಿಗೆ ತಿಳಿಯಲಿಲ್ಲ. ಶೆಡ್ಡಿನ ಆ ತುದಿಯಲ್ಲಿ ಚಕ್ರ ಬಿಚ್ಚುತ್ತಿದ್ದವರೂ ಕೈ ನಿಲ್ಲಿಸಿ ಇತ್ತ ನೋಡಿದರು.

ಮ್ಯಾನೇಜರ್ ತಲೆ ತಗ್ಗಿಸಿ ಮೆಲ್ಲಗೆ ಏನೋ ಅಂದರು. ಇಷ್ಟು ದಿನ ಇಂಥ ಮಾತಿಗೆಲ್ಲ ಊಹೆಯ ಮೇಲೆ ತಲೆಯಾಡಿಸಿಬಿಡುತ್ತಿದ್ದ ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದರು.

“ಕೇಳಿಸಲಿಲ್ಲ ಸಾರ್. ಇನ್ನೊಂದ್ಸಲ ಹೇಳಿ.”