ಅಕ್ಕೋರ ಖರೇ ದನಿ

ಎಡಗೈಯ ಎರಡು ಬೆರಳನ್ನು ಗಂಟಲ ಮೇಲೆ ಒತ್ತಿ ಹಿಡಿದೇ ಅವರು ನಮಗೆ ಪದ್ಯ ಹೇಳಿಕೊಡುತ್ತಿದ್ದರು, ದನಿ ಎಲ್ಲಿ ಕೈಮೀರಿ ಹೋದೀತೋ ಎಂಬಂತೆ. ಖಾನಾಪುರದ ಶಾಲೆಯಲ್ಲಿ ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ತುಂಬಿದ, ಭಾರವಾದ ದನಿ. ಆದರೆ ತರಗತಿಯ ಬಾಗಿಲು ದಾಟದಷ್ಟು ಮೆಲ್ಲಗೆ.

ಶನಿವಾರ ಮಧ್ಯಾಹ್ನ ಮನೆಗೆ ಕರೆದು ಹಳೆಯ ರೆಕಾರ್ಡುಗಳನ್ನು ಕೇಳಿಸುತ್ತಿದ್ದರು.

"ಕೇಳ್, ಈಕಿ ಹೊಲದಾಚಿ ಇದ್ದವರನ್ನ ಕರದಂಗ ಹಾಡ್ಯಾಳ. ಆಗ ಮೈಕ್ ಇದ್ದಿದ್ದಿಲ್ಲ, ಕೂಗಬೇಕಾಗ್ತಿತ್ತು. ಈಗ ಇನ್ನೊಬ್ಬಾಕಿನ್ನ ಕೇಳ್. ಕಿವ್ಯಾಗ ಗುಟ್ಟು ಹೇಳಿದಂಗ ಐತಿ."

ಸವೆದ ರೆಕಾರ್ಡಿನ ಚರಚರ ಸದ್ದಿನ ನಡುವೆಯೂ ಹಾಡುವವಳು ಉಸಿರೆಳೆದ ಜಾಗವನ್ನು ಬೆರಳೆತ್ತಿ ತೋರಿಸುತ್ತಿದ್ದರು.

ಅವರದೇ ಒಂದು ರೆಕಾರ್ಡಿತ್ತು. ಅದನ್ನು ಮಾತ್ರ ಎಂದೂ ಹಚ್ಚಲಿಲ್ಲ. ಹದಿನೇಳರ ವಯಸ್ಸಿನಲ್ಲಿ, ಬೆಳಗಾವಿಗೆ ಬಂದಿದ್ದ ಕಂಪನಿಯೊಂದು ಅವರಿಂದ ಎರಡು ಹಾಡು ಹಾಡಿಸಿತ್ತು. ರೆಕಾರ್ಡು ಕೈಗೆ ಬಂದಾಗ ಅದರೊಳಗಿನ ದನಿ ತೆಳ್ಳಗೆ, ಕೀಚಲಾಗಿತ್ತು. ಮಂದಿ ನಕ್ಕರು, ಗುಬ್ಬಿ ಎಂದು ಹೆಸರಿಟ್ಟರು. ಕಂಪನಿ ಮತ್ತೆ ಕರೆಯಲಿಲ್ಲ. ತಂದೆ ಸಂಗೀತದ ಪಾಠ ಬಿಡಿಸಿ ಶಿಕ್ಷಕಿಯರ ತರಬೇತಿಗೆ ಹಾಕಿದರು. ಮುಂದೆ ಅವರು ಸಭೆಯಲ್ಲಿ ಹಾಡಲೇ ಇಲ್ಲ.

"ನಮ್ಮ ದನಿ ನಮಗ ಒಳಗಿಂದ ಕೇಳಸ್ತೈತಿ. ಮಂದಿಗಿ ಹೆಂಗ ಕೇಳಸ್ತೈತಿ ಅನ್ನೂದು ಮಷಿನ್‌ಗೇ ಗೊತ್ತು," ಎಂದು ಒಮ್ಮೆ ನನಗೆ ಹೇಳಿದ್ದರು.

ನಾನು ನಂಬಲಿಲ್ಲ; ತರಗತಿಯಲ್ಲಿ ಕೇಳಿದ ಆ ತುಂಬಿದ ದನಿ ಕೀಚಲಾಗಿತ್ತೆಂದರೆ ನನ್ನ ಕಿವಿ ಒಪ್ಪಲಿಲ್ಲ. ಅವರಿಗೆ ಎಂಬತ್ತು ದಾಟಿದ ಮೇಲೆ, ಅವರ ತಮ್ಮನ ಮಗಳಿಂದ ಆ ರೆಕಾರ್ಡು ಪಡೆದು ಬೆಳಗಾವಿಯ ರವಿವಾರ ಪೇಟೆಗೆ ಒಯ್ದೆ. ಅಲ್ಲಿ ಬೆಲ್ಲದ ಅಂಗಡಿಯ ಮಹಡಿಯಲ್ಲಿ ಹಳೆಯ ರೆಕಾರ್ಡು ಕೂಡಿಡುವ ಸಾಹೇಬರೊಬ್ಬರಿದ್ದರು. ಅರ್ಧ ಕೇಳಿ ನಿಲ್ಲಿಸಿದರು.

"ಹಾಡು ಬಿಡ್ರಿ, ಹಾರ್ಮೋನಿಯಂ ಕೇಳ್ರಿ. ಯಾವ ಹಾರ್ಮೋನಿಯಂನೂ ಹಿಂಗ ಚೀರೂದಿಲ್ಲ. ರೆಕಾರ್ಡ್ ಮಾಡುವಾಗ ಕಂಪನಿಯವರ ಮಷಿನ್ ಸಾವಕಾಶ ತಿರಗೇತಿ. ಅದಕ್ಕ ಈಗ ಹಚ್ಚಿದ್ರ ಜೋರ್ ಓಡ್ತೈತಿ."

ಅವರು ವೇಗ ಇಳಿಸಿದರು. ತುಂಬಿದ ಗಂಟಲಿನ ಹುಡುಗಿಯೊಬ್ಬಳು, ಯಾವ ಅವಸರವೂ ಇಲ್ಲದೆ, ಹಾಡತೊಡಗಿದಳು. ಸಾಹೇಬರು ತಲೆಯ ಮೇಲೆ ಕೈಹೊತ್ತು ಕುಳಿತರು.

ಮೊಬೈಲಿನಲ್ಲಿ ಅದನ್ನು ತುಂಬಿಕೊಂಡು, ಮರುದಿನ ಬೆಳಿಗ್ಗೆಯೇ ಖಾನಾಪುರಕ್ಕೆ ಓಡಿದೆ. ಗೆದ್ದು ಬಂದವರ ಹೆಮ್ಮೆ ನನ್ನದು. ಅಕ್ಕೋರು ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ಮುಗಿದ ಮೇಲೆ ಇನ್ನೊಮ್ಮೆ ಕೇಳಿದರು.

"ಇದು ನಂದ ಐತಿ."

"ಹೌದ್ರಿ ಅಕ್ಕೋರ. ತಪ್ಪು ಮಷಿನ್‌ದಿತ್ತು."

ಅವರು ಮೊಬೈಲನ್ನು ನನ್ನ ಕೈಗೆ ವಾಪಸು ಇಟ್ಟರು.

"ಅರವತ್ತು ವರ್ಷ ನಂದ ತಪ್ಪಂತ ತಿಳಕೊಂಡು ಸುಮ್ಮನಿದ್ದೆ. ಈಗ ಯಾರ ಮ್ಯಾಲ ಸಿಟ್ಟಾಗ್ಲಿ? ಯಾಕ ತಂದಿ ಇದನ್ನ? ಅಳಿಸಿಬಿಡು."

ಅವರೆದುರೇ ಅಳಿಸಿದೆ.

ಆ ಮೇಲೆ ಅವರ ಮನೆಯಲ್ಲಿ ಯಾವ ರೆಕಾರ್ಡೂ ತಿರುಗಲಿಲ್ಲ. ಎಂಟು ತಿಂಗಳಿಗೆ ತೀರಿಕೊಂಡರು. ನಾನು ಮಣ್ಣಿಗೆ ಹೋದಾಗ ಅವರ ತಮ್ಮನ ಮಗಳು ಹೇಳಿದಳು: "ಹಾಡು ಅಂದ್ರ ಸಾಕು, ಅತ್ತಿ ಮಾರಿ ತಿರಗಿಸ್ತಿದ್ರು."

ಹಾಡು ಕೇಳುವ ಕಿವಿಯನ್ನು ನನಗೆ ಕೊಟ್ಟವರು ಅವರು. ಅದರಿಂದಲೇ ಅವರ ತಪ್ಪೇನೂ ಇರಲಿಲ್ಲವೆಂದು ಕಂಡುಕೊಂಡೆ. ಅದನ್ನು ತಿಳಿಯುವುದು ಅವರಿಗೆ ಬೇಕೋ ಬೇಡವೋ ಎಂದು ಮೊದಲು ಕೇಳಬೇಕಿತ್ತು, ಕೇಳಲಿಲ್ಲ.