ಚಳಿ ಹಿಡಿದ ರಕ್ತ

ಚಾಚಾನ ಬಲಗೈ ಉಗುರುಗಳು ಸದಾ ನೇರಳೆ. ಗಾಜಿನ ಪಟ್ಟಿಗೆ ರಕ್ತ ಸವರಿ ಬಣ್ಣ ಹಾಕುವ ಕೆಲಸವನ್ನು ಮೂವತ್ತು ವರ್ಷ ಮಾಡಿದ್ದರು. ಯಲ್ಲಾಪುರದಿಂದ ಮೊದಲ ಬಸ್ಸಿಗೆ ಬಂದು ಶಿರಸಿಯ ಪುಟ್ಟ ಲ್ಯಾಬೊಂದರ ಬಾಗಿಲು ತೆಗೆಯುತ್ತಿದ್ದರು. ಎಲ್ಲರಿಗೂ ಚಾಚಾ, ನನಗೂ. ಬಾಯಲ್ಲಿ ಲವಂಗ ಇಟ್ಟು ಸೂಕ್ಷ್ಮದರ್ಶಕದ ಮುಂದೆ ಕೂತರೆಂದರೆ ಯಾರು ಕರೆದರೂ ಓಗೊಡುತ್ತಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ನಮ್ಮ ಸಂಸ್ಥೆಯ ಚಿಪ್ ಪರೀಕ್ಷಿಸಲು. ಅಂಚೆಚೀಟಿಯಷ್ಟು ಅಗಲದ ಪಾರದರ್ಶಕ ತುಂಡು, ಒಳಗೆ ಕೂದಲೆಳೆಯಂಥ ಕಾಲುವೆಗಳು. ಒಂದು ಹನಿ ರಕ್ತ ಬಿಟ್ಟರೆ ಜೀವಕೋಶಗಳು ಸಾಲಾಗಿ ಹರಿದು, ಕೆಂಪು ಬಿಳಿ ಬೇರೆಯಾಗಿ, ಲೆಕ್ಕ ತಾನೇ ಬರಬೇಕು. ಅದನ್ನು ಚಾಚಾ ಸೂಕ್ಷ್ಮದರ್ಶಕದಲ್ಲಿ ನೋಡಿ ಮಾಡಿದ ಎಣಿಕೆಯೊಂದಿಗೆ ತಾಳೆ ನೋಡುವುದು ನನ್ನ ಕೆಲಸ.

ಫ್ರಿಜ್ಜಿನಿಂದ ತೆಗೆದ ರಕ್ತದ ಟ್ಯೂಬನ್ನು ಚಾಚಾ ಅಂಗೈಗಳ ನಡುವೆ ಹಿಡಿದು ಕೂರುತ್ತಿದ್ದರು. ನನಗೋ ಅವಸರ.

"ತಡಿ ಬೇಟಿ, ಅದಕ್ಕೆ ಚಳಿ ಹಿಡಿದದೆ. ಬೆಚ್ಚಗಾಗ್ಲಿ."

"ಕಂಬಳಿ ಹೊದೆಸಿ ಚಾಚಾ!" ಎಂದು ನಕ್ಕು, ನನ್ನ ಪಾಲನ್ನು ತಣ್ಣಗಿದ್ದಾಗಲೇ ತೆಗೆದುಕೊಂಡು ಚಿಪ್ಪಿಗೆ ಬಿಡುತ್ತಿದ್ದೆ. ಅವರೂ ನಗುತ್ತಿದ್ದರು.

ದಾಸನಕೊಪ್ಪದ ಹೆಂಗಸೊಬ್ಬರ ರಕ್ತದಲ್ಲಿ ಲೆಕ್ಕ ತಪ್ಪಿತು. ಮೂರು ಸಲ ನೋಡಿದರೂ ಚಿಪ್ಪಿನ ಲೆಕ್ಕ ಚಾಚಾನ ಎಣಿಕೆಯ ಅರ್ಧ. ನಾನು ವರದಿಯಲ್ಲಿ ಬರೆದೆ: ಕೈ ಎಣಿಕೆ ನಂಬುವಂತಿಲ್ಲ, ಎಣಿಸುವವರ ದೃಷ್ಟಿ ಮಂದವಾಗಿರಬಹುದು. ಅದನ್ನು ಓದಿದ ಲ್ಯಾಬಿನ ಮಾಲೀಕರು ಚಾಚಾನನ್ನು ಸೂಕ್ಷ್ಮದರ್ಶಕದಿಂದ ಎಬ್ಬಿಸಿ ಹೆಸರು ಬರೆದುಕೊಳ್ಳುವ ಮೇಜಿಗೆ ಕೂರಿಸಿದರು. ನಾನು ಹೊರಟ ದಿನ ಚಾಚಾ ಬಸ್ಸಿನ ತನಕ ಬಂದು ನನ್ನ ಪೆಟ್ಟಿಗೆ ಎತ್ತಿಕೊಟ್ಟರು.

ಎರಡು ತಿಂಗಳ ಮೇಲೆ ನಮ್ಮ ಪ್ರಯೋಗಾಲಯದಲ್ಲಿ ಮತ್ತೊಬ್ಬರ ರಕ್ತ ಹಾಗೇ ಮಾಡಿತು. ನೋಡಿದರೆ ಕೆಂಪು ಕೋಶಗಳು ಒಂದಕ್ಕೊಂದು ಅಂಟಿ ಗಂಟಾಗಿದ್ದವು. ಇಡೀ ಗಂಟನ್ನು ಚಿಪ್ ಒಂದೇ ಕೋಶವೆಂದು ಎಣಿಸುತ್ತಿತ್ತು. ಬಿಸಿ ಮಾಡಿದೆ, ಗಂಟು ಬಿಚ್ಚಿಕೊಂಡಿತು. ಕೆಲವರ ರಕ್ತ ತಣ್ಣಗಾದರೆ ಹೀಗಾಗುತ್ತದೆ. ಚಾಚಾ ಅದನ್ನು ತಿಳಿದೇ ಅಂಗೈಯ ಕಾವು ಕೊಡುತ್ತಿದ್ದರು. ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಫೋನ್ ಮಾಡಲಿಲ್ಲ. "ರಕ್ತವನ್ನು ಮೊದಲು ಬೆಚ್ಚಗೆ ಮಾಡಬೇಕು" ಎಂದು ನಮ್ಮ ನಿಯಮಗಳಲ್ಲಿ ಒಂದು ಸಾಲು ಸೇರಿಸಿ, ನಾಳೆ ಹೇಳಿದರಾಯಿತು ಎಂದು ದಿನ ದೂಡಿದೆ.

ಎದೆನೋವಿನಿಂದ ಚಾಚಾ ತೀರಿಹೋದರೆಂದು ಕೇಳಿ ಯಲ್ಲಾಪುರದ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನೀವು ಬರೆದ ಮೇಲೆ ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸಿದ್ರು. ಎಂತದೂ ಆಗಿಲ್ಲ ಅಂದ್ರು ಡಾಕ್ಟ್ರು. ಇವರು ನಂಬ್ಲೇ ಇಲ್ಲ. ಬೇಟಿ ಅಷ್ಟು ಓದಿದಾಳೆ, ಸುಮ್ನೆ ಬರೀತಾಳಾ ಅಂತಿದ್ರು."

ತಪ್ಪು ನನ್ನದೆಂದು, ಚಾಚಾನ ಎಣಿಕೆಯೇ ಸರಿಯಿತ್ತೆಂದು ಆಗ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಇದನ್ನ ಅವರಿಗೆ ಹೇಳಿದ್ರಾ?"